ನ್ಯೂಸ್ ಆಂಕರ್ ಆಗಬೇಕು, ಆದರೆ ನನ್ನ ಮಾತು ರಾಯಚೂರು ಕಡೆಯದು

ಪ್ರಶ್ನೆ: ನನಗೆ 23 ವರ್ಷ. ಊರು ಸಿಂಧನೂರು. ಬಿ.ಎ.ಯಲ್ಲಿ ಪತ್ರಿಕೋದ್ಯಮ ಓದಿದ್ದೇನೆ. ಟಿವಿಯಲ್ಲಿ ನ್ಯೂಸ್ ಓದಬೇಕು ಅನ್ನೋದು ಚಿಕ್ಕಂದಿನ ಆಸೆ. ಆದರೆ ನನ್ನ ಮಾತು ರಾಯಚೂರು ಕಡೆಯದು, ಬಣ್ಣ ಕಪ್ಪು. "ನಿನ್ನನ್ನ ಯಾರು ತೊಗೊಳ್ತಾರೆ" ಅಂತ ಮನೆಯಲ್ಲೇ ಹೇಳ್ತಾರೆ. ಬೆಂಗಳೂರಿನ ಒಂದು ಸಂಸ್ಥೆಯವರು ಆಂಕರಿಂಗ್ ಕೋರ್ಸ್ ಮಾಡಿದರೆ ಚಾನೆಲ್‌ನಲ್ಲಿ ಕೆಲಸ ಗ್ಯಾರಂಟಿ ಅಂತ ದೊಡ್ಡ ಫೀಸು ಕೇಳ್ತಿದ್ದಾರೆ. ಸೇರಬೇಕಾ? ಈ ಕೆಲಸ ಎಷ್ಟು ವರ್ಷ ನಡೆಯುತ್ತೆ? ಮೂವತ್ತೈದಾದ ಮೇಲೆ ಹೆಣ್ಣುಮಕ್ಕಳನ್ನ ಸ್ಕ್ರೀನ್‌ನಿಂದ ತೆಗೆದುಬಿಡ್ತಾರೆ ಅಂತಾರೆ, ನಿಜಾನಾ?

ಉತ್ತರ: ಮೊದಲು ಫೀಸಿನ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಮನೆಯಲ್ಲಿ ಯಾರೋ ಈಗಾಗಲೇ ದುಡ್ಡು ಹೊಂದಿಸೋಕೆ ಶುರು ಮಾಡಿರಬಹುದು. ಕಟ್ಟಬೇಡಿ. ಕೆಲಸದ ಗ್ಯಾರಂಟಿ ಕೊಡುವ ಅಧಿಕಾರ ಯಾವ ಕೋರ್ಸಿಗೂ ಇಲ್ಲ. ಆಂಕರನ್ನು ಆಯ್ಕೆ ಮಾಡುವುದು ಚಾನೆಲ್‌ನ ಸಂಪಾದಕರು, ಅದೂ ಸ್ಕ್ರೀನ್ ಟೆಸ್ಟ್ ನೋಡಿದ ಮೇಲೆ. ಅಂಥ ಕಡೆ ಮೂರು ತಿಂಗಳು ಕಲಿಸುವುದು ಏನು ಗೊತ್ತಾ? ಕ್ಯಾಮೆರಾ ಮುಂದೆ ಕೂರುವುದು, ಪ್ರಾಂಪ್ಟರ್ ನೋಡಿ ಓದುವುದು, ನಗುವುದು, ಮೇಕಪ್. ಇದನ್ನೆಲ್ಲ ಚಾನೆಲ್ಲಿಗೆ ಸೇರಿದ ಹದಿನೈದೇ ದಿನದಲ್ಲಿ, ಸಂಬಳ ತೊಗೊಂಡೇ ಕಲಿಯಬಹುದು. ಚಾನೆಲ್ಲಿನಲ್ಲಿ ಕಲಿಸೋಕೆ ಆಗದೇ ಇರೋದು ಬೇರೆ ಇದೆ. ಅದನ್ನು ಯಾವ ಕೋರ್ಸೂ ಕೊಡುವುದಿಲ್ಲ. ನೀವು ಸಿಂಧನೂರಿನಲ್ಲೇ ಕೂತು ಇವತ್ತಿನಿಂದಲೇ ಶುರು ಮಾಡಬಹುದು.

ನಾನು ನಾಲ್ಕು ವರ್ಷ ಪತ್ರಿಕೆಯಲ್ಲಿ, ಆಮೇಲೆ ಟಿವಿಯಲ್ಲಿ ಕೆಲಸ ಮಾಡಿದವಳು. ಒಂಬತ್ತು ವರ್ಷ ಸ್ಕ್ರೀನ್ ಮೇಲಿದ್ದೆ, ಈಗ ಬುಲೆಟಿನ್ ಪ್ರೊಡ್ಯೂಸರ್. ಹೊಸ ಆಂಕರ್‌ಗಳನ್ನು ತಯಾರು ಮಾಡುವುದು ನನ್ನ ಕೆಲಸದ ಒಂದು ಭಾಗ. ಊರು ಹಾವೇರಿ ಕಡೆ. ಹಾಗಾಗಿ ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಹಳೇ ಕಾಗದ ಓದಿದ ಹಾಗಾಯಿತು.

ಇಷ್ಟು ವರ್ಷ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಗೊತ್ತಿರುವುದು ಒಂದೇ. ಸುದ್ದಿ ಗೊತ್ತಿರುವ ಆಂಕರ್ ಉಳಿಯುತ್ತಾರೆ, ಸುದ್ದಿ ಓದುವ ಆಂಕರ್ ಉಳಿಯುವುದಿಲ್ಲ. ಇದು ಮೊದಲಿನಿಂದಲೂ ಹೀಗೆ ಇರಲಿಲ್ಲ. 1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾದ ಕಾಲಕ್ಕೆ ಈ ಕೆಲಸದ ಹೆಸರೇ ಬೇರೆ, 'ವಾರ್ತಾ ವಾಚಕಿ' ಅನ್ನುತ್ತಿದ್ದರು. ಬರೆದುಕೊಟ್ಟಿದ್ದನ್ನು ತಪ್ಪಿಲ್ಲದೆ, ಸ್ಪಷ್ಟವಾಗಿ, ಏರಿಳಿತ ಜಾಸ್ತಿ ಮಾಡದೆ ಓದುವುದು ಅವರ ಕೆಲಸ. ಅದೂ ಸಣ್ಣ ಕೆಲಸವಲ್ಲ. ಅವರ ಕನ್ನಡ ಕೇಳಿಯೇ ಎಷ್ಟೋ ಮನೆಗಳಲ್ಲಿ ಮಕ್ಕಳು ಉಚ್ಚಾರ ಕಲಿತರು. 1994ರಲ್ಲಿ ಉದಯ ಟಿವಿ ಬಂತು. 2000ದಲ್ಲಿ ಈಟಿವಿ ಕನ್ನಡ ಬಂತು, ಅದರ ಸುದ್ದಿ ತಯಾರಾಗುತ್ತಿದ್ದುದು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ. ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರು ಅಲ್ಲಿಗೆ ಹೋಗಿ, ರೂಮು ಮಾಡಿಕೊಂಡು, ಕನ್ನಡ ಸುದ್ದಿ ಬರೆಯುವುದನ್ನು ಓದುವುದನ್ನು ತೆಲುಗು ನಾಡಿನಲ್ಲಿ ಕಲಿತು ಬಂದರು. ಆಗಲೂ ಬುಲೆಟಿನ್‌ಗೆ ಹೊತ್ತು ಅಂತ ಇತ್ತು. ಅರ್ಧ ಗಂಟೆ ಓದಿ ಎದ್ದು ಬರಬಹುದಿತ್ತು.

2006ರ ಡಿಸೆಂಬರಿನಲ್ಲಿ ಟಿವಿ9 ಬಂದ ಮೇಲೆ ಕೆಲಸವೇ ಬದಲಾಯಿತು. ಇಪ್ಪತ್ನಾಲ್ಕು ಗಂಟೆ ಸುದ್ದಿ ಅಂದರೆ ಇಪ್ಪತ್ನಾಲ್ಕು ಗಂಟೆಗೆ ಆಗುವಷ್ಟು ಸ್ಕ್ರಿಪ್ಟ್ ಯಾರೂ ಬರೆದಿಡುವುದಿಲ್ಲ, ಅಲ್ವಾ? 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ, ನಡುವೆ ಹಿಂದೆ ಮುಂದೆ ಇನ್ನೂ ಹಲವು. ಓದುವವರು ಹೋಗಿ ಮಾತಾಡುವವರು ಬಂದರು. ಪಬ್ಲಿಕ್ ಟಿವಿಯ ಎಚ್.ಆರ್. ರಂಗನಾಥ್ ಅವರ ದಾರಿಯನ್ನೇ ನೋಡಿ. ಅವರು ಸ್ಕ್ರೀನಿಗೆ ಬಂದಿದ್ದು ಪತ್ರಿಕೆಯಿಂದ, ಕನ್ನಡಪ್ರಭದ ಸಂಪಾದಕರಾಗಿ ದುಡಿದ ಮೇಲೆ. ಅವರ ಶೈಲಿ ನಿಮಗೆ ಇಷ್ಟವಾಗಲಿ ಬಿಡಲಿ, ಒಂದೂವರೆ ಗಂಟೆ ಒಬ್ಬರೇ ಕೂತು ರಾಜಕೀಯ ಮಾತಾಡುವುದಕ್ಕೆ ಬೇಕಾದ ಸರಕು ಮೇಕಪ್ ರೂಮಿನಲ್ಲಿ ಸಿಗುವಂಥದ್ದಲ್ಲ.

ನಿಮಗೆ ಒಂದು ರಾತ್ರಿಯ ಕಥೆ ಹೇಳುತ್ತೇನೆ. 2009ರ ಅಕ್ಟೋಬರ್ ಮೊದಲ ವಾರ. ಉತ್ತರ ಕರ್ನಾಟಕದ ಪ್ರವಾಹ ನಿಮಗೆ ಸ್ವಲ್ಪ ನೆನಪಿರಬಹುದು, ಮನೆಯವರಿಗಂತೂ ಚೆನ್ನಾಗಿ ನೆನಪಿರುತ್ತದೆ. ಮಂತ್ರಾಲಯದ ಮಠಕ್ಕೇ ತುಂಗಭದ್ರೆ ನುಗ್ಗಿದ ಹೊತ್ತು. ರಾತ್ರಿ ಬುಲೆಟಿನ್ ನನ್ನದು. ಪ್ರಾಂಪ್ಟರ್ ಅಂದರೆ ಕ್ಯಾಮೆರಾ ಮುಂದೆ ಓರೆಯಾಗಿ ನಿಲ್ಲಿಸಿದ ಒಂದು ಗಾಜು. ಕೆಳಗಿನ ಮಾನಿಟರಿನಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ, ಗಾಜಿನಲ್ಲಿ ಬಿದ್ದಾಗ ನಮಗೆ ನೆಟ್ಟಗೆ ಕಾಣುತ್ತದೆ. ಪಕ್ಕದಲ್ಲಿ ಒಬ್ಬ ಆಪರೇಟರ್ ನಮ್ಮ ಓದಿನ ವೇಗಕ್ಕೆ ಅದನ್ನು ಉರುಳಿಸುತ್ತಾ ಇರುತ್ತಾರೆ. ಆ ರಾತ್ರಿ ಎರಡನೇ ಸುದ್ದಿಯ ಅರ್ಧಕ್ಕೆ ಅಕ್ಷರ ನಿಂತುಹೋಯಿತು. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಆ ದಿನಗಳಲ್ಲಿ ಒಂದು ಫಾಂಟಿನಲ್ಲಿ ಟೈಪ್ ಮಾಡಿದ್ದು ಇನ್ನೊಂದಕ್ಕೆ ಬದಲಾಗುವಾಗ ಒತ್ತಕ್ಷರ ಎಲ್ಲ ಚೆದುರಿಹೋಗುತ್ತಿತ್ತು. ಗಾಜಿನ ಮೇಲೆ ಉಳಿದಿದ್ದ ಕೊನೆಯ ಸಾಲು ಕನ್ನಡವೇ ಅಲ್ಲ. ಕೈಯಲ್ಲಿದ್ದ ಪೇಪರ್ ಹಳೇ ರನ್‌ಡೌನಿನದು, ಅಂದರೆ ಯಾವ ಸುದ್ದಿ ಯಾವಾಗ ಅನ್ನುವ ಹಳೇ ಪಟ್ಟಿ, ಅಷ್ಟರಲ್ಲಿ ಸುದ್ದಿಯ ಕ್ರಮ ಬದಲಾಗಿತ್ತು. ಕಿವಿಯಲ್ಲಿದ್ದ ಟಾಕ್‌ಬ್ಯಾಕಿನಲ್ಲಿ ಪ್ರೊಡ್ಯೂಸರ್ "ಮಾತಾಡ್ತಾ ಇರಿ, ವಿಶ್ಯುವಲ್ ಇಲ್ಲ, ಫೋನೋ ಕನೆಕ್ಟ್ ಆಗ್ತಿದೆ" ಅಂದರು. ಫೋನೋ ಅಂದರೆ ವರದಿಗಾರರ ಜೊತೆ ಫೋನಿನಲ್ಲೇ ನಡೆಸುವ ಲೈವ್ ಮಾತು.

ಸುಮಾರು ನಲವತ್ತು ಸೆಕೆಂಡ್ ಇರಬಹುದು. ಮನೆಯಲ್ಲಿ ಕೂತವರಿಗೆ ಏನೂ ಅಲ್ಲ, ಆ ಕುರ್ಚಿಯಲ್ಲಿ ಅದು ಬಹಳ ದೊಡ್ಡದು. ನನ್ನನ್ನು ಉಳಿಸಿದ್ದು ಮಧ್ಯಾಹ್ನ ನಾನು ರಾಯಚೂರಿನ ವರದಿಗಾರರಿಗೆ ಸುಮ್ನೆ ಮಾಡಿದ್ದ ಒಂದು ಫೋನು. ಯಾವ ಸೇತುವೆ ಮುಳುಗಿದೆ, ಜನರನ್ನು ಯಾವ ಶಾಲೆಗೆ ಸಾಗಿಸಿದ್ದಾರೆ, ಊಟಕ್ಕೆ ಏನು ಮಾಡಿದ್ದಾರೆ, ಎಲ್ಲ ಕೇಳಿಕೊಂಡಿದ್ದೆ. ಕೇಳಿದ್ದನ್ನೇ ಹೇಳುತ್ತಾ ಹೋದೆ. ಫೋನೋ ಬಂತು, ಬುಲೆಟಿನ್ ಮುಂದೆ ಸಾಗಿತು. ಮರುದಿನ ಸಂಪಾದಕರು ನನ್ನ ಓದಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಸೋಮವಾರದಿಂದ ಸಂಜೆ ಚರ್ಚೆ ನೀನು ಮಾಡು" ಅಂದರು. ನನ್ನ ವೃತ್ತಿ ನಡೆದಿದ್ದು ಆ ನಲವತ್ತು ಸೆಕೆಂಡಿನ ಮೇಲೆ ಅಂದರೆ ಜಾಸ್ತಿ ಆಗಲಿಕ್ಕಿಲ್ಲ.

ಇದರ ಇನ್ನೊಂದು ಮುಖವನ್ನೂ ನೋಡಿದ್ದೇನೆ. 2018ರ ಮೇ 15, ವಿಧಾನಸಭೆ ಚುನಾವಣೆಯ ಎಣಿಕೆ. ಆ ದಿನ ಫಲಿತಾಂಶ ಬರಬೇಕಿದ್ದುದು 222 ಕ್ಷೇತ್ರಗಳದು, ಎರಡು ಕಡೆ ಮತದಾನ ಮುಂದಕ್ಕೆ ಹೋಗಿತ್ತು. ಬಹುಮತಕ್ಕೆ 112 ಬೇಕು. ಒಂದು ಹೊತ್ತಿನಲ್ಲಿ ಬಿಜೆಪಿಯ ಮುನ್ನಡೆ 112 ದಾಟಿತು. ಸ್ಟುಡಿಯೋದಲ್ಲಿದ್ದ ನಮ್ಮ ಒಬ್ಬ ಹೊಸ ಆಂಕರ್ "ಬಿಜೆಪಿಗೆ ಸ್ಪಷ್ಟ ಬಹುಮತ" ಅಂದುಬಿಟ್ಟರು. ಪಕ್ಕದಲ್ಲಿದ್ದ ಹಿರಿಯರು ಮೆಲ್ಲಗೆ "ಮುನ್ನಡೆ, ಇನ್ನೂ ಮುನ್ನಡೆ ಅಷ್ಟೇ" ಅಂತ ತಿದ್ದಿದರು. ಸಂಜೆ ಹೊತ್ತಿಗೆ ಬಿಜೆಪಿ ನಿಂತಿದ್ದು 104ಕ್ಕೆ. ಕಾಂಗ್ರೆಸ್ 78, ಜೆಡಿಎಸ್ 37. ಆಮೇಲೆ ನಡೆದಿದ್ದು ನಿಮಗೆ ಗೊತ್ತು, ಯಡಿಯೂರಪ್ಪ ಪ್ರಮಾಣ ವಚನ ಸ್ವೀಕರಿಸಿದ ಎರಡೇ ದಿನಕ್ಕೆ ರಾಜೀನಾಮೆ ಕೊಟ್ಟರು. ಆ ಹುಡುಗಿಯ ಉಚ್ಚಾರ ಚೆನ್ನಾಗಿತ್ತು, ಮುಖ ಚೆನ್ನಾಗಿತ್ತು, ದನಿಯಂತೂ ತುಂಬಾ ಚೆನ್ನಾಗಿತ್ತು. ಮುನ್ನಡೆಗೂ ಗೆಲುವಿಗೂ ಇರುವ ವ್ಯತ್ಯಾಸ ನಾಲಿಗೆಗೆ ಇಳಿದಿರಲಿಲ್ಲ, ಅಷ್ಟೇ. ನಾನು ಅವಳನ್ನು ಬೈಯಲಿಲ್ಲ. ತಪ್ಪು ನಮ್ಮದೂ ಇತ್ತು. ಒಂದೇ ಒಂದು ಚುನಾವಣೆಯನ್ನೂ ಫೀಲ್ಡಿನಲ್ಲಿ ನೋಡದವಳನ್ನು ತಂದು ಅಲ್ಲಿ ಕೂರಿಸಿದ್ದು ನಾವೇ.

ಈಗ ನಿಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ನೀವು ಸಿಂಧನೂರಿನವರು ಅನ್ನುವುದನ್ನು ಕೊರತೆ ಅಂತ ಬರೆದಿದ್ದೀರಿ. ನನಗೆ ಹಾಗೆ ಕಾಣುವುದೇ ಇಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಮರುದಿನ ಬೆಳಗ್ಗೆ ನಮ್ಮ ನ್ಯೂಸ್‌ರೂಮಿನಲ್ಲಿ ಆದ ಗೊಂದಲ ನೀವು ನೋಡಬೇಕಿತ್ತು. 33 ಗೇಟುಗಳಲ್ಲಿ ಒಂದು ಹೋಗಿದ್ದಕ್ಕೆ ಬೇರೆ ಗೇಟುಗಳನ್ನೂ ತೆಗೆದು ಯಾಕೆ ನೀರು ಬಿಡುತ್ತಿದ್ದಾರೆ ಅಂತ ಕೇಳಿದವರಿದ್ದರು. ತುಂಬಿದ ಡ್ಯಾಮು, ಒತ್ತಡ ಕಡಿಮೆ ಮಾಡಬೇಕು, ನೀರಿನ ಮಟ್ಟ ಇಳಿದರೆ ಗೇಟು ಕೂರಿಸೋದು ಸುಲಭ, ಇಷ್ಟು ಹೇಳೋಕೆ ನಮ್ಮಲ್ಲಿ ಆ ಬೆಳಗ್ಗೆ ಯಾರಿಗೂ ಆಗಲಿಲ್ಲ. ಒಬ್ಬರು ಟಿಎಂಸಿ ಅನ್ನಬೇಕಾದಲ್ಲಿ ಕ್ಯುಸೆಕ್ ಅಂದರು, ಇನ್ನೊಬ್ಬರು ಕ್ಯುಸೆಕ್ ಅನ್ನಬೇಕಾದಲ್ಲಿ ಟಿಎಂಸಿ ಅಂದರು. ಕ್ಯುಸೆಕ್ ಅಂದರೆ ಒಂದು ಸೆಕೆಂಡಿಗೆ ಹರಿಯುವ ನೀರು, ಟಿಎಂಸಿ ಅಂದರೆ ನಿಂತ ನೀರಿನ ಲೆಕ್ಕ. ಸುಮಾರು 11,574 ಕ್ಯುಸೆಕ್ ನೀರು ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಈ ಒಂದು ಅಂಕಿ ಗೊತ್ತಿದ್ದರೆ ಸಾಕು, ದಿನಕ್ಕೆ ಎಷ್ಟು ನೀರು ಖಾಲಿ ಆಗುತ್ತಿದೆ, ಎಷ್ಟು ದಿನದಲ್ಲಿ ಡ್ಯಾಮು ಎಲ್ಲಿಗೆ ಇಳಿಯುತ್ತದೆ ಅಂತ ಆಂಕರ್ ಅಲ್ಲೇ ಲೆಕ್ಕ ಹಾಕಿ ಹೇಳಬಹುದಿತ್ತು. ಎಡದಂಡೆ ಕಾಲುವೆ ನಂಬಿ ಭತ್ತ ನಾಟಿ ಮಾಡಿದ ಸಿಂಧನೂರಿನ ರೈತನಿಗೆ ಆ ಹೊತ್ತಿಗೆ ಬೇಕಿದ್ದುದು ಅದೊಂದೇ. ನನ್ನ ಬೆಳೆಗೆ ನೀರು ಉಳಿಯುತ್ತಾ? ಅದನ್ನು ಬಿಟ್ಟು ನಾವು ಅರ್ಧ ದಿನ ನೀರು ಧುಮುಕುವ ದೃಶ್ಯವನ್ನೇ ತಿರುಗಾ ಮುರುಗಾ ತೋರಿಸಿದೆವು. ಡ್ಯಾಮು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗಕ್ಕೆ ತಾತ್ಕಾಲಿಕವಾಗಿ ಕೂರಿಸುವ ತಡೆ, ಇಳಿಸಿ ನೀರು ತಡೆಯಲು ಸುಮಾರು ಒಂದು ವಾರ ಹಿಡಿಯಿತು. ಆ ವಾರ ಪೂರ್ತಿ ನನ್ನ ತಲೆಯಲ್ಲಿ ಇದ್ದಿದ್ದು ಒಂದೇ, ಈ ಸ್ಟುಡಿಯೋದಲ್ಲಿ ಕಾಲುವೆ ನೀರು ಕುಡಿದು ಬೆಳೆದವರು ಒಬ್ಬರಾದರೂ ಇದ್ದಿದ್ದರೆ ಅಂತ.

ಅದಕ್ಕೇ ಹೇಳುತ್ತಿದ್ದೇನೆ. ಬೆಂಗಳೂರಿನ ಟ್ರಾಫಿಕ್ ಗೊತ್ತಿರುವ ಆಂಕರ್‌ಗಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ.

ಭಾಷೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಜನ ಒಂದೇ ಗಂಟಿಗೆ ಕಟ್ಟುತ್ತಾರೆ. ಒಂದು ಉಚ್ಚಾರ, ಇನ್ನೊಂದು ಮಾತಿನ ಧಾಟಿ. ಉಚ್ಚಾರದಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಹಾಸನ ಅನ್ನುವ ಕಡೆ ಆಸನ ಅಂದರೆ ಊರೇ ಕುರ್ಚಿ ಆಗಿಬಿಡುತ್ತದೆ. ಗೃಹ ಸಚಿವರು ಅನ್ನುವ ಕಡೆ 'ಗ್ರಹ' ಸಚಿವರು ಅಂತ ಓದುವುದನ್ನು ನಾನು ಇವತ್ತಿಗೂ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. 'ಈ ಬಾರಿ ಭಾರಿ ಮಳೆ' ಅನ್ನುವ ನಾಲ್ಕೇ ಪದದ ಸಾಲು ಇದೆಯಲ್ಲ, ಹೊಸಬರಿಗೆ ನಾನು ಕೊಡುವ ಮೊದಲ ಪರೀಕ್ಷೆ ಅದು. ಮೊದಲ 'ಬಾ'ಗೆ ಉಸಿರು ಬೇಡ, ಎರಡನೆಯದಕ್ಕೆ ಬೇಕು. ಅಂಗೈಯನ್ನು ಬಾಯಿ ಮುಂದೆ ಹಿಡಿದು ಹೇಳಿ ನೋಡಿ, 'ಭಾ' ಅನ್ನುವಾಗ ಕೈಗೆ ಗಾಳಿ ತಾಕಬೇಕು. ತಾಕದಿದ್ದರೆ ಮಹಾಪ್ರಾಣ ಬಂದಿಲ್ಲ ಅಂತಲೇ ಅರ್ಥ. ಉದ್ಘಾಟನೆ, ನಿಧನ, ಅಧಿವೇಶನ, ಪರಿಶಿಷ್ಟ, ಈ ಪದಗಳು ದಿನಾ ಬರುತ್ತವೆ, ದಿನಾ ಕಾಡುತ್ತವೆ. ತಿದ್ದಿಕೊಳ್ಳುವ ಭರದಲ್ಲಿ ಬೇಡದ ಕಡೆ ಹಕಾರ ಸೇರಿಸುವವರೂ ಇದ್ದಾರೆ, ಅವರನ್ನು ಸರಿ ಮಾಡುವುದು ಇನ್ನೂ ಕಷ್ಟ.

ಊರಿನ ಹೆಸರು ಇನ್ನೊಂದು. 2014ರ ನವೆಂಬರ್ 1ರಿಂದ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಗಿವೆ. ಕಲಬುರಗಿ, ವಿಜಯಪುರ, ಬಳ್ಳಾರಿ, ಹೊಸಪೇಟೆ ಎಲ್ಲ ಆ ಪಟ್ಟಿಯಲ್ಲಿವೆ. 'ಕಲಬುರ್ಗಿ'ಯೋ 'ಕಲಬುರಗಿ'ಯೋ ಅಂತ ಆಂಕರ್ ತಡವರಿಸಿದರೆ ಆ ಜಿಲ್ಲೆಯ ಜನಕ್ಕೆ ತಕ್ಷಣ ಗೊತ್ತಾಗುತ್ತದೆ, ಇವರು ನಮ್ಮ ಕಡೆಗೆ ಬಂದೇ ಇಲ್ಲ ಅಂತ. ದೇವದುರ್ಗ, ಲಿಂಗಸುಗೂರು, ಮಸ್ಕಿ ನಿಮ್ಮ ಬಾಯಲ್ಲಿ ತಾನಾಗಿ ಬರುತ್ತವೆ. ಹಾಗೆಯೇ ಸುಳ್ಯ, ಸಕಲೇಶಪುರ, ಹುಣಸೂರು ಬರುವ ತನಕ ಜಿಲ್ಲೆ ಜಿಲ್ಲೆಯ ತಾಲೂಕುಗಳ ಹೆಸರು ಜೋರಾಗಿ ಓದಿ.

ಧಾಟಿಯ ಮಾತು ಬೇರೆ. ಬುಲೆಟಿನ್ ಓದುವಾಗ ಎಲ್ಲರಿಗೂ ಅರ್ಥವಾಗುವ ಬರಹದ ಕನ್ನಡ ಇರಲಿ. ಆದರೆ ವರದಿಗಾರರ ಜೊತೆ ಲೈವ್ ಮಾತಾಡುವಾಗ, ರೈತರೊಬ್ಬರಿಗೆ ಫೋನಿನಲ್ಲಿ ಪ್ರಶ್ನೆ ಕೇಳುವಾಗ ನಿಮ್ಮ ಕಡೆಯ ಮಾತು ಇಣುಕಿದರೆ ಇಣುಕಲಿ. ರಾಯಚೂರಿನ ಅಜ್ಜಿಯೊಬ್ಬರು ಬೆಂಗಳೂರಿನ ಆಂಕರಿಗೆ ಹೇಳದ ಮಾತನ್ನು ನಿಮಗೆ ಹೇಳುತ್ತಾರೆ, "ಯಾಕಬೇ, ಏನಾತು" ಅಂತ ನೀವು ಕೇಳಿದರೆ. ನಾನು ಮೊದಲ ಎರಡು ವರ್ಷ ನನ್ನ ಹಾವೇರಿ ಮಾತನ್ನು ಪೂರ್ತಿ ಒರೆಸಿ ಹಾಕಿದ್ದೆ. ಊರಿಗೆ ಹೋದಾಗ ಅವ್ವನ ಜೊತೆಯೂ ಬುಲೆಟಿನ್ ಓದಿದ ಹಾಗೆ ಮಾತಾಡುತ್ತಿದ್ದೆ. ಅದು ಬೇಕಿರಲಿಲ್ಲ. ಇವತ್ತಿಗೂ ಅದಕ್ಕೆ ಬೇಜಾರಿದೆ.

ಬಣ್ಣದ ಬಗ್ಗೆ ಕೇಳಿದ್ದೀರಿ. ನಿಮಗೆ ಸುಳ್ಳು ಸಮಾಧಾನ ಹೇಳಲಾರೆ. ಬಣ್ಣ ನೋಡುವ ಚಟ ನಮ್ಮ ಚಾನೆಲ್‌ಗಳಲ್ಲಿ ಇದೆ. ನಾನೇ ಕೂತ ಆಯ್ಕೆ ಸಭೆಗಳಲ್ಲಿ, ಚೆನ್ನಾಗಿ ಮಾತಾಡಿದ ಹುಡುಗಿಯನ್ನು ಬಿಟ್ಟು ಬೆಳ್ಳಗಿರುವ ಹುಡುಗಿಯನ್ನು ತೊಗೊಂಡಿದ್ದು ನೋಡಿದ್ದೇನೆ, ಜಗಳ ಆಡಿದ್ದೇನೆ, ಒಮ್ಮೊಮ್ಮೆ ಸೋತಿದ್ದೇನೆ. ಇದು ಅನ್ಯಾಯ, ಅದಕ್ಕೆ ಬೇರೆ ಹೆಸರಿಲ್ಲ. ಕ್ಯಾಮೆರಾಗೆ ಬೇಕಾಗಿರುವುದು ಬಿಳುಪಲ್ಲ, ಸರಿಯಾದ ಬೆಳಕು. ಮುಖದ ಬಣ್ಣಕ್ಕಿಂತ ಎರಡು ಪಟ್ಟು ತಿಳಿಯಾದ ಪೌಡರ್ ಮೆತ್ತಿ, ಕುತ್ತಿಗೆ ಒಂದು ಬಣ್ಣ ಮುಖ ಒಂದು ಬಣ್ಣ ಮಾಡುವ ಮೇಕಪ್‌ಗೆ "ನನಗೆ ಇದು ಬೇಡ, ನನ್ನ ಬಣ್ಣದ್ದೇ ಹಚ್ಚಿ" ಅಂತ ಮೊದಲ ದಿನವೇ ಹೇಳಿ. ಹಾಗೆ ಹೇಳಿದ ಒಬ್ಬ ಆಂಕರ್ ನಮ್ಮಲ್ಲಿ ಈಗ ಪ್ರೈಮ್ ಟೈಮ್ ಚರ್ಚೆ ನಡೆಸುತ್ತಾರೆ. ವರ್ಷಗಳು ಬೇಕಾದವು, ಆದರೆ ಅವರು ಆ ಜಾಗಕ್ಕೆ ಬಂದಿದ್ದು ಜಿಲ್ಲಾ ವರದಿಗಾರ್ತಿಯಾಗಿ ಮಾಡಿದ ಕೆಲಸದಿಂದ. ಆ ಕೆಲಸ ಇದ್ದಿದ್ದರಿಂದ ಬಣ್ಣದ ಮಾತು ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ.

ಮೂವತ್ತೈದರ ಪ್ರಶ್ನೆಗೂ ಇದೇ ಉತ್ತರ ಅಂದುಕೊಂಡರೆ ಅರ್ಧ ಸರಿ. ಗಂಡಸರ ತಲೆಕೂದಲು ನರೆತರೆ ಅನುಭವ ಅನ್ನುತ್ತಾರೆ, ಹೆಂಗಸರಿಗೆ ಅದೇ ಮಾತು ಇಲ್ಲ. ಹೆರಿಗೆ ರಜೆ ಮುಗಿಸಿ ಬಂದಾಗ ತಮ್ಮ ಬುಲೆಟಿನ್ ಇನ್ನೊಬ್ಬರ ಹೆಸರಿಗೆ ಹೋಗಿರುವುದನ್ನು ಕಂಡ ಗೆಳತಿಯರು ನನಗೆ ಇದ್ದಾರೆ. ಬರೀ ಓದುತ್ತಿದ್ದವರು ಅಲ್ಲಿಗೆ ನಿಂತರು. ಡೆಸ್ಕಿನಲ್ಲಿ ಬರೆಯಲು ಬರುತ್ತಿದ್ದವರು, ಪ್ಯಾನೆಲ್ ನಡೆಸಲು ಬರುತ್ತಿದ್ದವರು ಪ್ರೊಡ್ಯೂಸರ್ ಆದರು, ಪ್ರಸಾರದ ಹೊಣೆ ಹೊರುವ ಔಟ್‌ಪುಟ್ ಹೆಡ್ ಆದರು, ಕೆಲವರು ಸ್ವಂತ ಯೂಟ್ಯೂಬ್ ಚಾನೆಲ್ ಮಾಡಿಕೊಂಡರು. ಶೀತಲ್ ಶೆಟ್ಟಿ ಟಿವಿ9ನಲ್ಲಿ ಸುದ್ದಿ ಓದುತ್ತಿದ್ದವರು, ಆಮೇಲೆ ಬಿಗ್ ಬಾಸ್ ಮನೆಗೆ ಹೋಗಿ ಬಂದು ಸಿನಿಮಾ ನಿರ್ದೇಶಕಿ ಆದರು. ಅಪರ್ಣಾ ಅವರನ್ನು ನೆನೆಸಿಕೊಳ್ಳಿ. ಸುದ್ದಿಯವರಲ್ಲ, ಆಕಾಶವಾಣಿಯಲ್ಲಿ ದೂರದರ್ಶನದಲ್ಲಿ ನಿರೂಪಣೆ ಮಾಡಿದವರು. 2024ರ ಜುಲೈ 11ರಂದು ಅವರು ತೀರಿಕೊಂಡಾಗ ಊರಿಗೆ ಊರೇ ಮಾತಾಡಿದ್ದು ಮುಖದ ಬಗ್ಗೆ ಅಲ್ಲ, ನಮ್ಮ ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಯಾವುದು ಅಂತ ಹೇಳುತ್ತಿದ್ದ ಆ ಕನ್ನಡದ ಬಗ್ಗೆ. ಅಷ್ಟು ಸ್ವಚ್ಛವಾದ ದನಿಗೆ ವಯಸ್ಸು ಅಡ್ಡ ಬರಲೇ ಇಲ್ಲ. ಉಚ್ಚಾರದ ಅಭ್ಯಾಸ ಮಾಡಿ ಅಂತ ನಾನು ಇಷ್ಟೊಂದು ಒತ್ತಿ ಹೇಳುವುದಕ್ಕೆ ಅದೂ ಒಂದು ಕಾರಣ.

ಯಂತ್ರದ ಆಂಕರ್ ಬಂದಾಯ್ತಲ್ಲ ಅಂತ ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಕೇಳುತ್ತಾರೆ. 2023ರ ಜುಲೈನಲ್ಲಿ ಪವರ್ ಟಿವಿ 'ಸೌಂದರ್ಯ' ಅನ್ನುವ ಎಐ ಆಂಕರನ್ನು ಕನ್ನಡದಲ್ಲಿ ತಂದಿತು. 2024ರ ಮೇನಲ್ಲಿ ದೂರದರ್ಶನದ ರೈತರ ಚಾನೆಲ್ ಡಿಡಿ ಕಿಸಾನ್ ಅಂಥವೇ ಎರಡು ತಂದಿತು. ಬರೆದಿದ್ದನ್ನು ಓದುವ ಕೆಲಸವನ್ನು ಅವು ಮಾಡುತ್ತವೆ, ಇನ್ನೂ ಚೆನ್ನಾಗಿ ಮಾಡುವುದನ್ನು ಕಲಿಯುತ್ತವೆ. ಗೇಟು ಕೊಚ್ಚಿಹೋದ ಬೆಳಗ್ಗೆ ಎಂಜಿನಿಯರನ್ನು ತಡೆದು "ಹಾಗಾದರೆ ಎರಡನೇ ಬೆಳೆಗೆ ನೀರು ಇದೆಯೋ ಇಲ್ಲವೋ, ಅಷ್ಟು ಹೇಳಿ" ಅಂತ ಕೇಳುವುದಕ್ಕೆ ಮನುಷ್ಯರೇ ಬೇಕು.

ಮನುಷ್ಯರೇ ಬೇಕು ಅಂದಾಗ ನನಗೆ 2021ರ ಅಕ್ಟೋಬರ್ 29 ನೆನಪಾಗುತ್ತದೆ. ಪುನೀತ್ ರಾಜ್‌ಕುಮಾರ್ ಅವರನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂದು, ಕೆಟ್ಟ ಸುದ್ದಿ ಎಲ್ಲರ ಫೋನಿಗೂ ಮುಟ್ಟಿ, ಅಧಿಕೃತವಾಗಿ ಯಾರೂ ಹೇಳದೇ ಇದ್ದ ಆ ಹೊತ್ತು. ನಾನು ಪಿಸಿಆರ್‌ನಲ್ಲಿದ್ದೆ, ಅಂದರೆ ಬುಲೆಟಿನ್ ನಡೆಸುವ ಕಂಟ್ರೋಲ್ ರೂಮಿನಲ್ಲಿ. ಆಂಕರ್ ಕಿವಿಗೆ ನಾನು ಹೇಳುತ್ತಿದ್ದುದು ಒಂದೇ ಮಾತು, "ಚಿಕಿತ್ಸೆ ನಡೀತಿದೆ ಅಂತಷ್ಟೇ ಹೇಳಿ, ಅದಕ್ಕಿಂತ ಮುಂದೆ ಹೋಗಬೇಡಿ." ಬೇರೆ ಕಡೆ ಬಂದುಬಿಟ್ಟಿದೆ ಅಂತ ಹಿಂದಿನಿಂದ ಕೂಗುತ್ತಿದ್ದಾರೆ. ಆ ಹುಡುಗಿಯ ಕಣ್ಣು ತುಂಬಿರುವುದು ಮಾನಿಟರಿನಲ್ಲಿ ನನಗೆ ಕಾಣುತ್ತಿದೆ, ದನಿ ಮಾತ್ರ ಅಲುಗುತ್ತಿಲ್ಲ. ಖಚಿತವಾದ ಮೇಲೆ ಅವಳು ಒಂದು ಕ್ಷಣ ನಿಲ್ಲಿಸಿ, ಉಸಿರು ತೊಗೊಂಡು, ಪೂರ್ತಿ ಹೆಸರು ಹೇಳಿ, ಒಂದೇ ವಾಕ್ಯದಲ್ಲಿ ಹೇಳಿದಳು. ಬ್ರೇಕಿನಲ್ಲಿ ಮೇಜಿಗೆ ತಲೆ ಕೊಟ್ಟು ಅತ್ತಳು. 46 ವರ್ಷದ ಮನುಷ್ಯ, ಅವಳ ಇಡೀ ಬಾಲ್ಯದ ಅಪ್ಪು. ಸುದ್ದಿ ಮೊದಲು ಕೊಟ್ಟವರು ಯಾರು ಅಂತ ಈಗ ಯಾರಿಗೂ ನೆನಪಿಲ್ಲ. ಆ ಮನೆಯವರಿಗಿಂತ ಮುಂಚೆ ನಾವು ಹೇಳಲಿಲ್ಲ ಅನ್ನುವ ಸಮಾಧಾನ ನಮ್ಮಿಬ್ಬರಿಗೂ ಇದೆ.

ದಿನಚರಿ, ಸಂಬಳ. ಇವನ್ನು ಬೇಗ ಹೇಳುತ್ತೇನೆ. ಬೆಳಗಿನ ಆರರ ಬುಲೆಟಿನ್ ಅಂದರೆ ಮೂರಕ್ಕೆ ಏಳಬೇಕು. ಹಬ್ಬದ ದಿನ ರಜೆ ಇರುವುದಿಲ್ಲ, ಯಾಕೆಂದರೆ ಹಬ್ಬವೇ ಸುದ್ದಿ. ಶುರುವಿನ ಸಂಬಳದಲ್ಲಿ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ ಕಳೆದರೆ ಉಳಿಯುವುದು ಕಡಿಮೆ. ಒಂದೆರಡು ವರ್ಷ ಮನೆಯ ಆಸರೆ ಬೇಕಾಗಬಹುದು ಅಂತ ಈಗಲೇ ಹೇಳಿಬಿಡಿ. ಪತ್ರಕರ್ತರ ಕೆಲಸದ ರಕ್ಷಣೆಗೆ ಅಂತ 1955ರಲ್ಲಿ ಬಂದ ಕಾನೂನು ಪತ್ರಿಕೆಗಳವರಿಗಾಗಿ ಬರೆದದ್ದು, ಟಿವಿಯವರು ಬಹಳ ಕಾಲ ಅದರ ಹೊರಗೇ ಉಳಿದರು. ಹಾಗಾಗಿ ನೇಮಕಾತಿ ಪತ್ರದಲ್ಲಿ ಏನು ಬರೆದಿದೆ ಅನ್ನುವುದೇ ನಿಮಗೆ ಆಧಾರ. ಪಿಎಫ್ ಇದೆಯಾ, ರಾತ್ರಿ ಮತ್ತು ನಸುಕಿನ ಶಿಫ್ಟಿಗೆ ಕ್ಯಾಬ್ ಇದೆಯಾ, ಬಿಡುವಾಗ ಎಷ್ಟು ದಿನದ ನೋಟಿಸ್, ಇಷ್ಟನ್ನು ಕೇಳಿ, ಬರಹದಲ್ಲಿ ತೊಗೊಳ್ಳಿ. ಕೇಳಿದರೆ ಕೆಲಸ ಕೊಡಲ್ಲ ಅನ್ನುವವರಿದ್ದರೆ ಅಂಥ ಕಡೆ ಹೋಗದಿರುವುದೇ ಒಳ್ಳೆಯದು. ಚರ್ಚೆಯಲ್ಲಿ ಕಿರುಚಿದರೆ ರೇಟಿಂಗ್ ಬರುತ್ತದೆ ಅಂತ ನಿಮಗೆ ಹೇಳುವವರು ಸಿಗುತ್ತಾರೆ. 2020ರ ಅಕ್ಟೋಬರಿನಿಂದ 2022ರ ಮಾರ್ಚ್ ತನಕ ನ್ಯೂಸ್ ಚಾನೆಲ್‌ಗಳ ರೇಟಿಂಗ್ ಬರುವುದೇ ನಿಂತಿತ್ತು, ಆಗಲೂ ಕಿರುಚುವವರು ಕಿರುಚುತ್ತಲೇ ಇದ್ದರು. ಗಂಟಲು ನಿಮ್ಮದು. ಮೂರು ವಾರ ದಾಟಿದರೂ ದನಿ ಒಡೆದೇ ಇದ್ದರೆ ಕಷಾಯ ಕುಡಿಯುತ್ತಾ ಕೂರದೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಎಲ್ಲಿಂದ ಶುರು ಮಾಡಬೇಕು? ಬೆಂಗಳೂರಿನಿಂದ ಅಲ್ಲ. ರಾಯಚೂರಿನಲ್ಲಿ, ಹೊಸಪೇಟೆಯಲ್ಲಿ ಆಕಾಶವಾಣಿ ಇದೆ. ತಾತ್ಕಾಲಿಕ ಉದ್ಘೋಷಕರಿಗೆ ಅವರು ಆಗಾಗ ಅರ್ಜಿ ಕರೆದು ಧ್ವನಿ ಪರೀಕ್ಷೆ ಮಾಡುತ್ತಾರೆ, ಕಣ್ಣಿಟ್ಟಿರಿ. ಮೈಕಿನ ಮುಂದೆ ಕಲಿತ ಕನ್ನಡ ಕ್ಯಾಮೆರಾ ಮುಂದೆ ಕೈಬಿಡುವುದಿಲ್ಲ. ಜೊತೆಗೆ ನಿಮ್ಮ ಭಾಗದ ಯಾವುದಾದರೂ ಪತ್ರಿಕೆಗೋ ಚಾನೆಲ್ಲಿಗೋ ವರದಿ ಮಾಡಿ. ಎಪಿಎಂಸಿಗೆ ಹೋಗಿ, ನೀರಾವರಿ ಸಲಹಾ ಸಮಿತಿ ಸಭೆ ನಡೆದಾಗ ಹೊರಗೆ ನಿಂತು ಕೇಳಿ, ಗ್ರಾಮ ಪಂಚಾಯತಿ ಸಭೆಗೆ ಹೋಗಿ ಕೂತುಕೊಳ್ಳಿ. ಎರಡು ವರ್ಷ ಹೀಗೆ ಕಳೆದರೆ ತಡವಾಯಿತು ಅಂತ ಅನ್ನಿಸಬಹುದು. ತಡ ಆಗುವುದಿಲ್ಲ, 25 ನಮ್ಮ ಕೆಲಸಕ್ಕೆ ತುಂಬಾ ಚಿಕ್ಕ ವಯಸ್ಸು.

ಮನೆಯಲ್ಲಿ ಮಾಡುವ ಅಭ್ಯಾಸವೂ ಒಂದಿದೆ. ಒಂದು ಕಿವಿಗೆ ಇಯರ್‌ಫೋನ್ ಹಾಕಿ ರೇಡಿಯೋ ವಾರ್ತೆ ಹಚ್ಚಿ. ಕೈಯಲ್ಲಿ ದಿನಪತ್ರಿಕೆ ಹಿಡಿದು ಜೋರಾಗಿ ಓದಿ. ಓದು ನಿಲ್ಲಬಾರದು, ಕಿವಿಯಲ್ಲಿ ಏನು ಬಂತು ಅಂತ ಆಮೇಲೆ ಹೇಳಲೂ ಬರಬೇಕು. ಟಾಕ್‌ಬ್ಯಾಕಿನಲ್ಲಿ ಪ್ರೊಡ್ಯೂಸರ್ "ಇಪ್ಪತ್ತು ಸೆಕೆಂಡ್ ಎಳೀರಿ" ಅನ್ನುವಾಗ ಆಂಕರ್ ಮಾಡುವುದು ಇದನ್ನೇ. ಮೊದಲ ವಾರ ತಲೆ ಕೆಟ್ಟುಹೋಗುತ್ತದೆ, ಮೂರನೇ ವಾರಕ್ಕೆ ಹಿಡಿತ ಬರುತ್ತದೆ.

ಸ್ಕ್ರೀನ್ ಟೆಸ್ಟಿಗೆ ಕರೆ ಬಂದ ದಿನ ಹಸಿರು ಬಟ್ಟೆ ಬೇಡ, ಹಿಂದಿನ ಹಸಿರು ಪರದೆ ತೆಗೆಯುವಾಗ ನಿಮ್ಮ ಮೈಯೂ ಮಾಯವಾಗುತ್ತದೆ. ಸಣ್ಣ ಗೆರೆಗಳ ಬಟ್ಟೆಯೂ ಬೇಡ, ಸ್ಕ್ರೀನಿನಲ್ಲಿ ಅದು ಅಲೆ ಅಲೆಯಾಗಿ ನಡುಗುತ್ತದೆ. ಅವರು ಪ್ರಾಂಪ್ಟರಿನಲ್ಲಿ ಎರಡು ನಿಮಿಷ ಓದಿಸುತ್ತಾರೆ. ಆಮೇಲೆ ಅದನ್ನು ಆಫ್ ಮಾಡಿ "ಈಗ ನಿಮಗೆ ಇಷ್ಟವಾದ ವಿಷಯದ ಬಗ್ಗೆ ಮಾತಾಡಿ" ಅನ್ನುತ್ತಾರೆ. ಮುಕ್ಕಾಲು ಮಂದಿ ಆಗ ಹೆಣ್ಣುಮಕ್ಕಳ ಶಿಕ್ಷಣ, ಮೊಬೈಲ್ ದುಷ್ಪರಿಣಾಮ ಅಂತ ಶಾಲೆಯ ಪ್ರಬಂಧ ಹೇಳುತ್ತಾರೆ. ನೀವು 19ನೇ ಗೇಟಿನ ವಿಷಯ ತೆಗೆಯಿರಿ. ಆ ರಾತ್ರಿ ನಿಮ್ಮ ಮನೆಯಲ್ಲಿ ಏನು ಮಾತಾಯಿತು, ಕಾಲುವೆಗೆ ಎಷ್ಟು ನೀರು ಬಂತು, ಗದ್ದೆ ಏನಾಯಿತು, ಎರಡು ನಿಮಿಷ ಹೇಳಿ.